ಮಂಗಳೂರಿನ ಊಟ, ತಿಂಡಿ, ಐಸ್‌ಕ್ರೀಮ್: ಮೂರು ದಿನದಲ್ಲಿ ಊರು ಸವಿಯುವುದು ಹೇಗೆ?

ಈ ಊರಿಗೆ ಹೆಸರುಗಳು ಹಲವು. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮಾತಿನಲ್ಲಿ ಮೈಕಾಲ. ಅಡುಗೆಯೂ ಹಾಗೆಯೇ. ಅದೇ ಅಕ್ಕಿ, ಅದೇ ತೆಂಗಿನಕಾಯಿ, ಅದೇ ಬ್ಯಾಡಗಿ ಮೆಣಸು. ಆದರೆ ಒಂದು ಮನೆಯಲ್ಲಿ ಅದು ಕೋರಿ ಗಸಿ, ಅಂದರೆ ಕೋಳಿ ಸಾರಾಗುತ್ತದೆ, ಇನ್ನೊಂದರಲ್ಲಿ ತಿಂಗಳವರೆಯ ಗಶಿಯಾಗುತ್ತದೆ, ಮತ್ತೊಂದರಲ್ಲಿ ಪತ್ತಿರ್ ಎಂಬ ಅಕ್ಕಿ ರೊಟ್ಟಿಯ ಜೊತೆಗಿನ ಸಾರಾಗುತ್ತದೆ.

ನಾನು ದಾವಣಗೆರೆ ಕಡೆಯವನು. ಕೆಲಸಕ್ಕೆಂದು ಮಂಗಳೂರಿಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಿನಿಂದ ನೆಂಟರು ಬಂದರೆ ತಿನ್ನಿಸಲು ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಬಂದವರು ಸಾಮಾನ್ಯವಾಗಿ ಫೋನಿನಲ್ಲಿ ಐದಾರು ಹೆಸರು ಬರೆದುಕೊಂಡು ಬಂದಿರುತ್ತಾರೆ. ಗೋಳಿಬಜೆಯನ್ನು ಬೆಳಿಗ್ಗೆ ಹುಡುಕುತ್ತಾರೆ, ಮೀನೂಟಕ್ಕೆ ಮೂರೂವರೆಗೆ ಹೊರಡುತ್ತಾರೆ, ಜುಲೈ ತಿಂಗಳಲ್ಲಿ ತಾಜಾ ಅಂಜಲ್ ಮೀನು ಕೇಳುತ್ತಾರೆ. ಹೆಸರಿನ ಪಟ್ಟಿಗಿಂತ ಇಲ್ಲಿ ಜಾಸ್ತಿ ಮುಖ್ಯವಾದದ್ದು ಹೊತ್ತು ಮತ್ತು ಕಾಲ. ಯಾವ ಹೊತ್ತಿಗೆ ಯಾವುದು ಬಿಸಿಬಿಸಿ ಇಳಿಯುತ್ತದೆ, ಯಾವ ತಿಂಗಳಲ್ಲಿ ಯಾವುದು ಸಿಗುತ್ತದೆ ಅಂತ ಗೊತ್ತಿದ್ದರೆ ಚಿಕ್ಕ ಹೋಟೆಲಿನಲ್ಲೂ ಚೆನ್ನಾಗಿ ತಿನ್ನಬಹುದು.

ಹೆಜ್ಜೆ 1: ಬರುವ ತಿಂಗಳನ್ನು ಮೊದಲು ನಿರ್ಧರಿಸಿ

ನಿಮಗೆ ಬೇಕಾದ್ದು ಮೀನಾದರೆ ಜೂನ್, ಜುಲೈ ಬಿಟ್ಟು ಬನ್ನಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನು ಮೊಟ್ಟೆಯಿಡುವ ಕಾಲ ಅದು. ಆಗ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ ಮೀನು, ಹೊಳೆ ಮೀನು, ಇಲ್ಲವೇ ಮಂಜುಗಡ್ಡೆಯಲ್ಲಿಟ್ಟು ಬೇರೆ ಕಡೆಯಿಂದ ತಂದದ್ದು. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬಿಸಿಲೂ ಕಡಿಮೆ, ಮೀನೂ ಧಾರಾಳ.

ಹಾಗಂತ ಮಳೆಗಾಲ ಬರಿದು ಅಂದುಕೊಳ್ಳಬೇಡಿ. ತರಕಾರಿ ತಿನ್ನುವವರಿಗೆ ನಾನು ಹೇಳುವುದೇ ಆಟಿ ತಿಂಗಳಲ್ಲಿ ಬನ್ನಿ ಅಂತ. ತುಳುವರ ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹಿಂದೆ ಅದು ಕಷ್ಟದ ತಿಂಗಳು. ಗದ್ದೆ ಕೆಲಸ ಮುಗಿದಿರುತ್ತಿತ್ತು, ಮನೆಯಲ್ಲಿ ಅಕ್ಕಿ ಕಡಿಮೆ ಇರುತ್ತಿತ್ತು. ಜನ ಬೇಲಿ, ಗುಡ್ಡೆಯಲ್ಲಿ ಬೆಳೆದದ್ದನ್ನೇ ತಂದು ಅಡುಗೆ ಮಾಡುತ್ತಿದ್ದರು. ಕೆಸುವಿನ ಎಲೆಗೆ ಅಕ್ಕಿ-ಮಸಾಲೆ ಹಿಟ್ಟು ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿದ ಪತ್ರೊಡೆ, ಎಳೆ ಬಿದಿರಿನ ಕಣಿಲೆ, ತಜಂಕ್ ಸೊಪ್ಪಿನ ಅಂಬಡೆ, ಹಲಸಿನ ಹಣ್ಣಿನ ಗಟ್ಟಿ, ಎಲ್ಲವೂ ಈ ತಿಂಗಳದ್ದೇ. ಈಗ ಹೋಟೆಲುಗಳೂ ಆ ದಿನಗಳಲ್ಲಿ ಪತ್ರೊಡೆ ಮಾಡುತ್ತವೆ. ಬೋರ್ಡಿನಲ್ಲಿ ಕಾಣದಿದ್ದರೂ ಕೇಳಿ.

ಡಿಸೆಂಬರ್ ಕೊನೆಯಲ್ಲಿ ಬಂದರೆ ಬೇಕರಿಗಳಲ್ಲಿ ಕ್ರಿಸ್ಮಸ್‌ನ ಕುಸ್ವಾರ್, ಅಂದರೆ ಹಬ್ಬದ ಬಗೆಬಗೆಯ ತಿಂಡಿ, ಸಿಗುತ್ತದೆ. ರಂಜಾನ್ ತಿಂಗಳ ಸಂಜೆಯಾದರೆ ಬ್ಯಾರಿಗಳ ತಿಂಡಿಗೆ ಬಂದರ್ ಕಡೆ ಹೋಗಲೇಬೇಕು.

ಹೆಜ್ಜೆ 2: ಹಂಪನಕಟ್ಟೆಯ ಆಸುಪಾಸು ಉಳಿದುಕೊಳ್ಳಿ

ಸೆಂಟ್ರಲ್ ರೈಲು ನಿಲ್ದಾಣ, ಸಿಟಿ ಬಸ್ಸುಗಳು ಹೊರಡುವ ಸ್ಟೇಟ್‌ಬ್ಯಾಂಕ್, ಕಾರ್‌ಸ್ಟ್ರೀಟ್, ಬಂದರ್ ಎಲ್ಲವೂ ಇಲ್ಲಿಂದ ಹತ್ತಿರ. ನಡೆಯಲು ಆಗುವವರಿಗೆ ರಿಕ್ಷಾ ಕೂಡ ಬೇಡ. ಒಂದು ತಿಂಡಿಗೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆ ನಡೆದರೆ ಮತ್ತೆ ಹಸಿವಾಗುತ್ತದೆ. ಊರು ಏರು-ತಗ್ಗಿನದು, ಸೆಕೆಯೂ ಹೌದು. ನೀರಿನ ಬಾಟಲಿ, ಕರವಸ್ತ್ರ ಇರಲಿ.

ಹೆಜ್ಜೆ 3: ಬೆಳಿಗ್ಗೆ ಬನ್ಸ್‌ನಿಂದ ಶುರು ಮಾಡಿ

ಹೊರಗಿನವರು ಬನ್ಸ್ ಅಂದರೆ ಬೇಕರಿ ಬನ್ ಅಂದುಕೊಳ್ಳುತ್ತಾರೆ. ಇದು ಎಣ್ಣೆಯಲ್ಲಿ ಕರಿದ, ಪೂರಿಗಿಂತ ದಪ್ಪ, ಒಳಗೆ ಮೆತ್ತಗಿನ ತಿಂಡಿ. ಚೆನ್ನಾಗಿ ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಜೀರಿಗೆ, ಚಿಟಿಕೆ ಸೋಡ. ಹಿಟ್ಟನ್ನು ರಾತ್ರಿಯೇ ಕಲಸಿಟ್ಟರೆ ಬೆಳಿಗ್ಗೆಗೆ ಸ್ವಲ್ಪ ಹುಳಿ ಹಿಡಿದಿರುತ್ತದೆ. ಆ ಸಿಹಿ-ಹುಳಿಗೆ ಕಾಯಿ ಚಟ್ನಿ, ಸಾಂಬಾರು ತುಂಬ ಹೊಂದುತ್ತದೆ. ಒಳ್ಳೆಯ ಬನ್ಸ್ ಮುರಿದರೆ ಜೇನುಗೂಡಿನ ಹಾಗೆ ಪೊಳ್ಳು ಕಾಣಬೇಕು. ಕೈಗೆ ಎಣ್ಣೆ ಜಾಸ್ತಿ ಅಂಟಿದರೆ ಅದು ಕರಿದು ಬಹಳ ಹೊತ್ತಾಗಿದೆ ಅಂತಲೇ ಅರ್ಥ.

ಹಂಪನಕಟ್ಟೆಯ ತಾಜ್‌ಮಹಲ್, ಕೊಡಿಯಾಲ್‌ಬೈಲಿನ ನ್ಯೂ ತಾಜ್‌ಮಹಲ್ ಕೆಫೆ, ಬಂಟ್ಸ್ ಹಾಸ್ಟೆಲ್ ರಸ್ತೆಯ ವುಡ್‌ಲ್ಯಾಂಡ್ಸ್ ಹಳೆಯ ಕಾಲದಿಂದ ಜನ ಹೋಗುವ ಜಾಗಗಳು. ಮೂರೂ ಸಸ್ಯಾಹಾರಿ. ಇಂಥ ಕಡೆ ಬನ್ಸ್ ಒಂದನ್ನೇ ತಿಂದು ಎದ್ದು ಬರಬೇಡಿ. ಬಿಸ್ಕುಟ್ ರೊಟ್ಟಿ ಇದೆಯಾ ಕೇಳಿ. ಹೆಸರಿಗೆ ರೊಟ್ಟಿ, ತಿನ್ನಲು ಒಳಗೆ ಖಾರದ ಹೂರಣ ತುಂಬಿ ಕರಿದ ಗರಿಗರಿ ಪೂರಿ. ಸಜ್ಜಿಗೆ-ಬಜಿಲ್ ಸಿಕ್ಕರೆ ಬಿಡಬೇಡಿ. ಉಪ್ಪಿಟ್ಟಿನ ಮೇಲೆ ಒಗ್ಗರಣೆ ಅವಲಕ್ಕಿ ಹಾಕಿ ಕೊಡುತ್ತಾರೆ. ಮೆತ್ತಗಿನದರ ಜೊತೆ ಒಣಗಿದ್ದು, ಎರಡೂ ಒಂದೇ ತುತ್ತಿನಲ್ಲಿ. ದಾವಣಗೆರೆಯ ಮಂಡಕ್ಕಿ ಹುಚ್ಚಿನ ನನ್ನ ದೊಡ್ಡಮ್ಮ ಮೊದಲ ಬಾರಿ ತಿಂದಾಗ ಎರಡನೇ ಪ್ಲೇಟ್ ತರಿಸಿಕೊಂಡರು.

ಎರಡನೇ ದಿನ ಬೆಳಿಗ್ಗೆಗೆ ನೀರುದೋಸೆ ಇಟ್ಟುಕೊಳ್ಳಿ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರಿನಷ್ಟೇ ತೆಳ್ಳಗೆ ಮಾಡಿ, ಕಾದ ಕಾವಲಿಗೆ ಎರಚುತ್ತಾರೆ. ಉದ್ದೂ ಇಲ್ಲ, ಹುಳಿ ಬರಿಸುವುದೂ ಇಲ್ಲ. ಕಾಯಿ-ಬೆಲ್ಲದ ಜೊತೆ ಒಂದು, ಚಟ್ನಿಯ ಜೊತೆ ಒಂದು. ತಣ್ಣಗಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕೇ ನಾಲ್ಕು ಒಟ್ಟಿಗೆ ತರಿಸುವ ಬದಲು ಎರಡೆರಡು ಹೇಳಿ.

ಮೂರನೇ ದಿನಕ್ಕೆ ಮೂಡೆ ಅಥವಾ ಗುಂಡ. ಎರಡೂ ಇಡ್ಲಿ ಹಿಟ್ಟೇ. ಮೂಡೆಯನ್ನು ಕೇದಗೆ ಜಾತಿಯ ಎಲೆಯ ಕೊಳವೆಯಲ್ಲಿ, ಗುಂಡವನ್ನು ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಚ್ಚುವಾಗ ಬರುವ ಪರಿಮಳಕ್ಕಾಗಿಯೇ ಇದನ್ನು ತಿನ್ನಬೇಕು. ಅದಕ್ಕೇ ಎಲೆ ಬಿಚ್ಚಿ ತಟ್ಟೆಗೆ ಹಾಕಬೇಡಿ, ನಾನೇ ಬಿಚ್ಚುತ್ತೇನೆ ಅಂತ ಹೇಳುತ್ತೇನೆ.

ಹೆಜ್ಜೆ 4: ಮೀನೂಟಕ್ಕೆ ಹೋಗುವ ಮೊದಲು ಮೀನು ನೋಡಿ ಬನ್ನಿ

ಇದು ನನ್ನ ಅಚ್ಚುಮೆಚ್ಚಿನ ಹೆಜ್ಜೆ. ಒಂದು ದಿನ ಬೆಳಿಗ್ಗೆ ಬೇಗ ಎದ್ದು ಬಂದರಿನ ದಕ್ಕೆಗೆ ಹೋಗಿ. ಬೋಟುಗಳು ಬಂದು ಮೀನು ಇಳಿಸುವ, ಏಲಂ ಕೂಗುವ ಜಾಗ ಅದು. ಹಳೆಯ ಚಪ್ಪಲಿ ಹಾಕಿಕೊಳ್ಳಿ, ನೆಲ ಒದ್ದೆ. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ. ಫೋಟೊ ತೆಗೆಯುವ ಮೊದಲು ಕೇಳಿ. ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರನ್ನು ಇದು ಯಾವ ಮೀನು ಅಂತ ವಿಚಾರಿಸಿದರೆ ಬಹಳಷ್ಟು ಮಂದಿ ಸಂತೋಷದಿಂದ ಹೇಳುತ್ತಾರೆ.

ಹೋಟೆಲಿನಲ್ಲಿ ಕೇಳಿಬರುವುದೆಲ್ಲ ತುಳು ಹೆಸರುಗಳೇ. ಅಂಜಲ್ ದೊಡ್ಡ ಮೀನು, ತುಂಡು ಮಾಡಿ ಕೊಡುತ್ತಾರೆ. ಮುಳ್ಳು ಕಡಿಮೆ, ಬೆಲೆ ಜಾಸ್ತಿ. ಮಾಂಜಿ ಚಪ್ಪಟೆ, ಮಾಂಸ ಮೃದು, ಅದೂ ದುಬಾರಿ. ಕಾಣೆ ಉದ್ದಕ್ಕೆ ತೆಳ್ಳಗೆ ಇರುತ್ತದೆ, ನಡುವಿನ ಮುಳ್ಳು ಎಳೆದರೆ ಉಳಿದದ್ದೆಲ್ಲ ಬೆಣ್ಣೆಯಂತೆ. ಮೀನು ಹೊಸದಾಗಿ ತಿನ್ನುವವರಿಗೆ ಕಾಣೆ ರವಾ ಫ್ರೈಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಂಗುಡೆ, ಭೂತಾಯಿ ಇಲ್ಲಿನ ಮನೆಗಳ ದಿನದ ಮೀನು. ಬೆಲೆ ಕಡಿಮೆ, ರುಚಿ ಗಾಢ. ಭೂತಾಯಿಯಲ್ಲಿ ಸಣ್ಣ ಮುಳ್ಳು ತುಂಬ, ಮಕ್ಕಳಿಗೆ ಕೊಡುವಾಗ ನಿಗಾ ಇರಲಿ. ಎಟ್ಟಿ ಅಂದರೆ ಸಿಗಡಿ, ಡೆಂಜಿ ಅಂದರೆ ಏಡಿ, ಮರುವಾಯಿ ಅಂದರೆ ಚಿಪ್ಪಿನ ಮಾಂಸ. ಮರುವಾಯಿಯನ್ನು ಸುಕ್ಕ ಮಾಡಿಸಿ ತಿನ್ನಿ. ಸುಕ್ಕ ಎಂದರೆ ಕಾಯಿತುರಿ ಹಾಕಿದ ಒಣ ಪಲ್ಯದ ರೀತಿ.

ಹೆಜ್ಜೆ 5: ಮಧ್ಯಾಹ್ನ ಹನ್ನೆರಡೂವರೆಗೇ ಮೀನೂಟಕ್ಕೆ ಕೂತುಬಿಡಿ

ಒಂದೂವರೆಗೆ ಹೋದರೆ ಸಾಲು. ಎರಡೂವರೆಯ ಮೇಲೆ ಹೋದರೆ ಒಳ್ಳೆಯ ಮೀನು ಖಾಲಿ. ಕಾರ್‌ಸ್ಟ್ರೀಟ್ ಬಳಿಯ ಗಿರಿಮಂಜಾಸ್, ಬಂದರಿನ ನಾರಾಯಣ, ಕೊಡಿಯಾಲ್‌ಬೈಲಿನ ಮಚಲಿ ಹೆಸರು ಮಾಡಿದ ಜಾಗಗಳು. ಇವುಗಳಲ್ಲಿ ಮೇಜು ಹಂಚಿಕೊಂಡು ಕೂರುವುದು ಮಾಮೂಲಿ. ಗುರುತಿಲ್ಲದವರ ಪಕ್ಕ ಕೂರಲು ಹಿಂಜರಿಯಬೇಡಿ. ಅವರ ತಟ್ಟೆ ನೋಡಿ ಏನು ಒಳ್ಳೆಯದಿದೆ ಅಂತ ತಿಳಿಯಬಹುದು.

ಕೂತ ಕೂಡಲೇ ಬರುವ ಪ್ರಶ್ನೆ: ಕುಚ್ಚಲಕ್ಕಿಯಾ, ಬೆಳ್ತಿಗೆಯಾ? ಬೆಳ್ತಿಗೆ ನಮ್ಮ ಕಡೆಯ ಬಿಳಿ ಅನ್ನ. ಕುಚ್ಚಲಕ್ಕಿ ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡಿದ ದಪ್ಪ, ಕೆಂಬಣ್ಣದ ಅಕ್ಕಿ. ಬಯಲುಸೀಮೆಯವರಿಗೆ ಮೊದಲ ದಿನ ಒಗ್ಗುವುದಿಲ್ಲ, ನನಗೂ ಒಗ್ಗಿರಲಿಲ್ಲ. ಆದರೆ ಮೀನಿನ ಹುಳಿ-ಖಾರದ ಸಾರನ್ನು ಹೀರಿಕೊಂಡೂ ಮುದ್ದೆಯಾಗದೆ ನಿಲ್ಲುವುದು ಕುಚ್ಚಲಕ್ಕಿ ಮಾತ್ರ. ಅರ್ಧ ಅದು, ಅರ್ಧ ಇದು ಹಾಕಿಸಿಕೊಂಡು ನೋಡಿ.

ಊಟದ ಜೊತೆ ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ ಬರುತ್ತದೆ. ಫ್ರೈ ಬೇರೆ ಹೇಳಬೇಕು. ಆಗ ತುಳುವಿನಲ್ಲಿ ಒಂದು ಮಾತು ಕೇಳಿ: "ಇನಿ ವಾ ಮೀನ್ ಉಂಡು?" ಇವತ್ತು ಯಾವ ಮೀನು ಇದೆ ಅಂತ. ಬಡಿಸುವ ಅಣ್ಣನ ಮುಖದಲ್ಲಿ ನಗು ಬರುತ್ತದೆ, ಆಮೇಲೆ ಯಾವುದು ತಾಜಾ ಅಂತ ಅವರೇ ಹೇಳುತ್ತಾರೆ. ಚಿಕ್ಕ ಹೋಟೆಲುಗಳಲ್ಲಿ ಮಸಾಲೆ ಹಚ್ಚಿದ ಮೀನನ್ನು ತಟ್ಟೆಯಲ್ಲಿ ತಂದು ತೋರಿಸುವುದೂ ಉಂಟು. ಬೆರಳು ತೋರಿಸಿ ಆರಿಸಿಕೊಳ್ಳಿ.

ಒಂದು ಎಚ್ಚರಿಕೆ ಹೇಳಲೇಬೇಕು. ಮಾಂಜಿ, ಅಂಜಲ್, ಡೆಂಜಿ, ದೊಡ್ಡ ಎಟ್ಟಿ ಇವುಗಳ ಬೆಲೆ ಮೆನುವಿನಲ್ಲಿ ಇರುವುದಿಲ್ಲ, ಗಾತ್ರದ ಮೇಲೆ ಹೋಗುತ್ತದೆ. ಒಮ್ಮೆ ಅಕ್ಕ-ಭಾವ ಬಂದಿದ್ದಾಗ ಒಂದು ಹೋಟೆಲಿನಲ್ಲಿ ಕೇಳದೆ ಎರಡು ದೊಡ್ಡ ಮಾಂಜಿ ಹೇಳಿದೆವು. ಬಿಲ್ ಬಂದಾಗ ಮೂರು ಜನರ ಎರಡು ದಿನದ ಊಟದ ದುಡ್ಡಾಗಿತ್ತು. ಭಾವ ಮರುಮಾತಿಲ್ಲದೆ ಕೊಟ್ಟರು, ನನಗೆ ತುಂಬ ಬೇಜಾರಾಯಿತು. ಅಂದಿನಿಂದ ಮೀನು ಕಾವಲಿಗೆ ಬೀಳುವ ಮೊದಲೇ ಬೆಲೆ ಕೇಳುತ್ತೇನೆ. ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ, ಊರಿನವರೂ ಕೇಳುತ್ತಾರೆ.

ಸಾರಿನಲ್ಲಿ ತಿನ್ನುವುದಾದರೆ ಬಂಗುಡೆ ಪುಳಿಮುಂಚಿ ಹೇಳಿ. ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು. ಹೆಸರಿನಲ್ಲಿ ಇರುವುದೇ ಬಾಣಲೆಯಲ್ಲೂ ಇರುತ್ತದೆ. ತೆಂಗಿನಕಾಯಿ ಸಾಮಾನ್ಯವಾಗಿ ಬೀಳುವುದಿಲ್ಲ, ಖಾರ ನೇರವಾಗಿ ಹತ್ತುತ್ತದೆ.

ಹೆಜ್ಜೆ 6: ಕೋರಿ ರೊಟ್ಟಿಗೆ ಒಂದು ಹೊತ್ತು ಮೀಸಲಿಡಿ

ಕೋರಿ ಅಂದರೆ ಕೋಳಿ. ರೊಟ್ಟಿ ನಮ್ಮ ಜೋಳದ ರೊಟ್ಟಿಯಲ್ಲ. ಅಕ್ಕಿಯಿಂದ ಮಾಡಿದ, ಹಪ್ಪಳದಂತೆ ಮುರಿಯುವ ಒಣ ಹಾಳೆ. ತಿನ್ನುವ ರೀತಿ ಗೊತ್ತಿರಬೇಕು. ರೊಟ್ಟಿಯನ್ನು ತಟ್ಟೆಯಲ್ಲಿ ದೊಡ್ಡದಾಗಿ ಮುರಿಯಿರಿ. ಅರ್ಧದ ಮೇಲೆ ಮಾತ್ರ ಬಿಸಿ ಗಸಿ ಸುರಿಯಿರಿ. ಒಂದು ನಿಮಿಷ ಬಿಡಿ. ಕೆಳಗಿನದು ನೆಂದು ಮೆತ್ತಗಾಗಿರುತ್ತದೆ, ಅಂಚು ಇನ್ನೂ ಗರಿಗರಿ ಇರುತ್ತದೆ. ಆಗ ಕೈ ಹಾಕಿ. ಚಮಚದಲ್ಲಿ ತಿಂದರೆ ಈ ಹದ ಸಿಗುವುದಿಲ್ಲ.

ಚಿಕನ್ ಘೀ ರೋಸ್ಟ್ ಮಂಗಳೂರಿನ ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ತವರು ಕುಂದಾಪುರ. ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನಿಂದ ಅದು ಹೆಸರಾಯಿತು. ಉಡುಪಿ ದಾಟಿ ಮುಂದೆ ಹೋಗುವ ಯೋಚನೆ ಇದ್ದರೆ ಅಲ್ಲಿಗೇ ಉಳಿಸಿಕೊಳ್ಳಿ.

ಹೆಜ್ಜೆ 7: ಉಳಿದ ಅಡುಗೆಮನೆಗಳನ್ನೂ ಹುಡುಕಿ

ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಕೊಂಕಣಿ ಸಾರಸ್ವತರ ಊಟ ಕಾರ್‌ಸ್ಟ್ರೀಟ್‌ನ ವೆಂಕಟರಮಣ ದೇವಸ್ಥಾನದ ಸುತ್ತಮುತ್ತ ಸಿಗುತ್ತದೆ. ಇಂಗಿನ ಒಗ್ಗರಣೆಯ ದಾಳಿತೊವೆ ಅವರ ಊಟದ ಜೀವ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆಯೂ ಬೇಳೆ ಇಷ್ಟು ರುಚಿಯಾಗುತ್ತದಾ ಅನಿಸುತ್ತದೆ. ಬೇಸಿಗೆಯ ಶುರುವಿನಲ್ಲಿ ಹಸಿ ಗೇರುಬೀಜದ ಉಪ್ಕರಿ, ಅಂದರೆ ಪಲ್ಯ, ಮಾಡುತ್ತಾರೆ. ಅದು ಸಿಕ್ಕರೆ ನಿಮ್ಮ ಅದೃಷ್ಟ.

ಕ್ರೈಸ್ತರ ಅಡುಗೆ ಹೆಚ್ಚಾಗಿ ಮನೆಗಳಲ್ಲೇ ಉಳಿದಿದೆ. ಆದರೂ ಬೆಂದೂರು, ಬಿಜೈ, ಕಂಕನಾಡಿ ಕಡೆಯ ಚಿಕ್ಕ ಹೋಟೆಲು, ಕೇಟರಿಂಗ್ ಅಂಗಡಿಗಳಲ್ಲಿ ವಾರದ ಕೊನೆಗೆ ಸನ್ನ, ಹಂದಿ ಮಾಂಸದ ಬಫತ್ ಮಾಡುವವರಿದ್ದಾರೆ. ಸನ್ನ ನೋಡಲು ಇಡ್ಲಿ. ಹಿಟ್ಟು ಉಬ್ಬಲು ಹಿಂದೆ ಶೇಂದಿ ಹಾಕುತ್ತಿದ್ದರು, ಈಗ ಈಸ್ಟ್ ಜಾಸ್ತಿ. ಗೆಳೆಯರ ಮನೆಗೆ ಊಟಕ್ಕೆ ಕರೆದರೆ ಮಾತ್ರ ಎರಡು ಸಲ ಯೋಚಿಸಬೇಡಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ದಿನ ಈ ಮನೆಗಳಲ್ಲಿ ಹೊಸ ತೆನೆಯ ಜೊತೆ ಪೂರ್ತಿ ತರಕಾರಿ ಊಟ. ಅದನ್ನು ಉಂಡವರಿಗೆ ಆ ದಿನ ಮರೆಯುವುದಿಲ್ಲ.

ಬ್ಯಾರಿಗಳ ಊಟಕ್ಕೆ ರಾತ್ರಿ ಹೊತ್ತು ಬಂದರ್ ಕಡೆ ಹೋಗಿ. ಬಿರಿಯಾನಿ ಎಲ್ಲರಿಗೂ ಗೊತ್ತು. ನೀವು ಕೇಳಬೇಕಾದ್ದು ಪತ್ತಿರ್, ಅಂದರೆ ಅಕ್ಕಿಯ ರೊಟ್ಟಿ, ಮತ್ತೆ ನೈಚೋರು, ಅಂದರೆ ತುಪ್ಪದನ್ನ.

ಹೆಜ್ಜೆ 8: ಸಂಜೆ ನಾಲ್ಕಕ್ಕೆ ಗೋಳಿಬಜೆ

ನಾಲ್ಕರಿಂದ ಐದೂವರೆ, ಅಷ್ಟೇ ಹೊತ್ತು. ಹುಳಿ ಮೊಸರಿನಲ್ಲಿ ಕಲಸಿದ ಮೈದಾ ಹಿಟ್ಟಿಗೆ ಶುಂಠಿ, ಹಸಿಮೆಣಸು, ಕಾಯಿ ಚೂರು ಹಾಕಿ ಗೋಲಿಯಷ್ಟು ದಪ್ಪಕ್ಕೆ ಎಣ್ಣೆಗೆ ಬಿಡುತ್ತಾರೆ. ಬಿಸಿಯಾಗಿದ್ದಾಗ ಸ್ಪಂಜು, ತಣ್ಣಗಾದರೆ ರಬ್ಬರು. ಹಾಗಾಗಿ ಪಾರ್ಸೆಲ್ ಬೇಡ. ಬಾಣಲೆಯ ಎದುರೇ ನಿಂತು ತಿನ್ನಿ.

ಪಣಂಬೂರು ಬೀಚಿಗೆ ಹೋದರೆ ಚುರುಮುರಿ ತಿನ್ನಿ. ಮಂಡಕ್ಕಿ, ಈರುಳ್ಳಿ, ಟೊಮೆಟೊ, ಮಾವಿನಕಾಯಿ, ಮೇಲೆ ಹಸಿ ತೆಂಗಿನೆಣ್ಣೆ. ಬೇರೆ ಊರಿನ ಚುರುಮುರಿಗೂ ಇದಕ್ಕೂ ಇರುವ ವ್ಯತ್ಯಾಸ ಆ ಎಣ್ಣೆಯಲ್ಲೇ ಇದೆ. ಬಾಯಾರಿದರೆ ಬೊಂಡ ಶರಬತ್ತು ಅಥವಾ ಪುನರ್ಪುಳಿ (ಕೋಕಂ) ಶರಬತ್ತು ಕೇಳಿ. ಬೊಂಡ ಅಂದರೆ ಇಲ್ಲಿ ಎಳನೀರು, ಕರಿದ ತಿಂಡಿಯಲ್ಲ.

ಹೊಸ ಕೆಫೆಗಳು ಕದ್ರಿ, ಬಿಜೈ, ಬಲ್ಮಠ ಕಡೆ ಬೇಕಾದಷ್ಟಿವೆ. ಕೂತು ಮಾತಾಡಲು ಚೆನ್ನ. ಚಿಕ್ಕಮಗಳೂರು, ಕೊಡಗಿನ ಕಾಫಿ ಹಡಗು ಹತ್ತುವುದು ಇದೇ ಊರಿನ ಬಂದರಿನಿಂದ. ಹಾಗಾಗಿ ಕಾಫಿಯೊಂದನ್ನು ಹೇಳಿ. ಕೇಕ್, ಪಾಸ್ತಾಕ್ಕೆ ಹೊಟ್ಟೆಯ ಜಾಗ ಕೊಡಲು ನನಗಂತೂ ಮನಸ್ಸಿಲ್ಲ.

ಹೆಜ್ಜೆ 9: ರಾತ್ರಿ ಐಸ್‌ಕ್ರೀಮ್

ಮಂಗಳೂರಿನವರಿಗೆ ಐಸ್‌ಕ್ರೀಮ್ ಮನೆಮಂದಿಯೆಲ್ಲ ಸೇರಿ ಹೋಗುವ ಸಂಭ್ರಮ. ಪರೀಕ್ಷೆ ಮುಗಿದರೆ, ನೆಂಟರು ಬಂದರೆ, ಹುಡುಗಿ ನೋಡಿ ಒಪ್ಪಿದರೆ, ಎಲ್ಲರೂ ಅಲ್ಲಿಗೇ. ಶಿಬರೂರು ಪ್ರಭಾಕರ ಕಾಮತ್ ಅವರು 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಐಸ್‌ಕ್ರೀಮ್ ಶುರು ಮಾಡಿದರು. ಹಂಪನಕಟ್ಟೆಯ ಐಡಿಯಲ್ಸ್, ಲಾಲ್‌ಬಾಗ್‌ನ ಪಬ್ಬಾಸ್ ಆ ಸಂಸ್ಥೆಯದ್ದೇ. ಹ್ಯಾಂಗ್ಯೊ ಕೂಡ ಇದೇ ಊರಿನದು. ಮುಂಬೈಯ ಜುಹುವಿನಲ್ಲಿ 1984ರಲ್ಲಿ ನ್ಯಾಚುರಲ್ಸ್ ತೆರೆದ ರಘುನಂದನ ಕಾಮತ್ ಕೂಡ ಈ ಜಿಲ್ಲೆಯ ಹಳ್ಳಿಯವರು, ಹಣ್ಣು ಮಾರುತ್ತಿದ್ದವರ ಮಗ.

ಮೊದಲ ಸಲ ಹೋದವರು ಗಡ್‌ಬಡ್ ಹೇಳಿ. ಉದ್ದ ಗಾಜಿನ ಲೋಟದಲ್ಲಿ ಮೂರು ಬಗೆಯ ಐಸ್‌ಕ್ರೀಮ್, ನಡುವೆ ಜೆಲ್ಲಿ, ಹಣ್ಣಿನ ಚೂರು, ಗೋಡಂಬಿ. ಉಡುಪಿಯ ಡಯಾನಾ ಹೋಟೆಲಿನಲ್ಲಿ ಇದು ಹುಟ್ಟಿತು ಅನ್ನುತ್ತಾರೆ ಕರಾವಳಿಯ ಜನ. ಗಡಿಬಿಡಿಯಲ್ಲಿ ಇದ್ದದ್ದನ್ನೆಲ್ಲ ಹಾಕಿ ಕೊಟ್ಟದ್ದಕ್ಕೆ ಆ ಹೆಸರಂತೆ. ಉದ್ದ ಚಮಚವನ್ನು ಬದಿಯಿಂದ ತಳದವರೆಗೆ ಇಳಿಸಿ ಎಲ್ಲ ಪದರವನ್ನೂ ಒಟ್ಟಿಗೆ ಎತ್ತಿ. ಮೇಲಿನಿಂದ ಖಾಲಿ ಮಾಡುತ್ತ ಹೋದರೆ ಕೊನೆಗೆ ಬರೀ ಜೆಲ್ಲಿ ಉಳಿಯುತ್ತದೆ. ಊಟ ಮಾಡಿ ಬಂದಿದ್ದರೆ ಇಬ್ಬರಿಗೆ ಒಂದು ಸಾಕು. ಮಾರನೇ ರಾತ್ರಿಗೆ ಪಾರ್ಫೆ, ದಿಲ್‌ಖುಷ್. ಚಾಕೊಲೇಟ್ ಇಷ್ಟವಿದ್ದವರಿಗೆ ಚಾಕೊಲೇಟ್ ಡ್ಯಾಡ್. ಶನಿವಾರ, ಭಾನುವಾರ ಎಂಟರ ಮೇಲೆ ಬಾಗಿಲಿನಾಚೆಗೂ ಜನ ನಿಂತಿರುತ್ತಾರೆ. ಏಳಕ್ಕೇ ಹೋಗಿ, ಇಲ್ಲ ಹತ್ತರ ಹೊತ್ತಿಗೆ ಹೋಗಿ.

ಹೆಜ್ಜೆ 10: ಕಟ್ಟಿಸಿಕೊಂಡು ಹೋಗುವುದು

ಕೋರಿ ರೊಟ್ಟಿಯ ಪ್ಯಾಕೆಟ್ ವಾರಗಟ್ಟಲೆ ಕೆಡುವುದಿಲ್ಲ, ಆದರೆ ಬೇಗ ಮುರಿಯುತ್ತದೆ. ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ಚಪ್ಪಟೆಯಾಗಿ ಇಡಿ. ಬಫತ್ ಪುಡಿ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಬಾಳೆಹಣ್ಣಿನ ಹಲ್ವ, ಕುಚ್ಚಲಕ್ಕಿ ಎರಡು ಕಿಲೊ, ಇವೆಲ್ಲ ನಿಶ್ಚಿಂತೆಯಿಂದ ಬರುತ್ತವೆ. ಒಣಮೀನು ಬೇಕಿದ್ದರೆ ಮೂರು ಕವರ್ ಹಾಕಿಸಿ, ರೈಲಿನಲ್ಲಿ ಅಕ್ಕಪಕ್ಕದವರಿಗೆ ವಾಸನೆ ಬರಬಾರದು. ಬನ್ಸ್ ಕಟ್ಟಿಸಿಕೊಳ್ಳುವುದಾದರೆ ರಾತ್ರಿ ರೈಲಿಗೆ ಹೊರಡುವ ಸಂಜೆಯೇ ತಗೊಳ್ಳಿ. ಗೋಳಿಬಜೆಯಂತಲ್ಲ ಅದು, ಮಾರನೇ ಬೆಳಿಗ್ಗೆ ಕಾಫಿಯ ಜೊತೆ ತಣ್ಣಗೂ ಚೆನ್ನಾಗಿರುತ್ತದೆ.